ಅಮ್ಮ ಎನ್ನಲು ನಾಲಿಗೆ ಎತ್ತಬೇಕಿಲ್ಲ

ಎರಡು ವರ್ಷ ದಾಟಿದ ಮಗುವಿಗೆ ಇನ್ನೂ ಮಾತು ಬಂದಿಲ್ಲವೆಂದರೆ, ಕೆಜಿಎಫ್‌ನ ಆಂಡರ್ಸನ್‌ಪೇಟೆಯಾಗಲಿ ಬಂಗಾರಪೇಟೆಯಾಗಲಿ, ಮನೆಯ ಹಿರಿಯರು ಮೊದಲು ಮಗುವಿನ ಬಾಯಿ ತೆರೆಸಿ ನಾಲಿಗೆ ಎತ್ತಿ ನೋಡುತ್ತಾರೆ. ಅಡಿಯಲ್ಲಿ ಪೊರೆ ಕಂಡರೆ ಕಾರಣ ಸಿಕ್ಕಿತೆಂದೇ ಲೆಕ್ಕ. ನಾಲಿಗೆ ಅಂಟಿಕೊಂಡಿದೆ, ಅದಕ್ಕೇ ಹೊರಳುತ್ತಿಲ್ಲ, ಒಂದು ಸಲ ಕತ್ತರಿಸಿಬಿಟ್ಟರೆ ಅರಳು ಹುರಿದ ಹಾಗೆ ಮಾತಾಡುತ್ತದೆ ಎನ್ನುತ್ತಾರೆ. ಪೊರೆ ಕಾಣದಿದ್ದರೆ ‘ನಾಲಿಗೆ ಮಂದ’ ಎಂದು ಬಜೆ ಬೇರು ತೇಯ್ದು ಸವರುತ್ತಾರೆ. ಪಕ್ಕದ ತಮಿಳು ಮನೆಯಲ್ಲಿ ಅದೇ ಬೇರಿಗೆ ವಸಂಬು ಎಂದು ಹೆಸರು, ನಂಬಿಕೆ ಮಾತ್ರ ಒಂದೇ. ಆದರೆ ಅದೇ ಮಗು ಹುಟ್ಟಿದ ಎರಡನೆಯ ವಾರದಲ್ಲಿ ಗಂಟೆಗಟ್ಟಲೆ ಎದೆಗಂಟಿಕೊಂಡಿದ್ದೂ ಹಸಿದೇ ಅಳುತ್ತಿದ್ದಾಗ, ತೊಟ್ಟು ಬಿರಿದ ಬಾಣಂತಿ ಹಲ್ಲು ಕಚ್ಚಿ ಹಾಲೂಡಿಸುತ್ತಿದ್ದಾಗ, ಆ ನಾಲಿಗೆಯನ್ನು ಎತ್ತಿ ನೋಡುವವರು ಅಪರೂಪ. ಆಗ ತಪ್ಪು ತಾಯಿಯದು: ‘ಇವಳಿಗೆ ಹಾಲು ಸಾಲುತ್ತಿಲ್ಲ.’ ಮನೆಗೆ ಡಬ್ಬದ ಹಾಲು ಬರುತ್ತದೆ. ನಾಲಿಗೆ ಕಟ್ಟು, ಅಂದರೆ ವೈದ್ಯರು ಟಂಗ್ ಟೈ ಎನ್ನುವ ಈ ಸ್ಥಿತಿ, ಮಾತಿಗೆ ಅಡ್ಡಿಯಾದರೆ ಎಂದೋ ಮುಂದೆ ಆದೀತು; ಹಾಲಿಗೆ ಅಡ್ಡಿಯಾದರೆ ಮೊದಲ ವಾರದಲ್ಲೇ ಆಗುತ್ತದೆ. ಅದನ್ನು ತೀರ್ಮಾನಿಸಬೇಕಾದ್ದೂ ಆಗಲೇ, ಮಗು ಎದೆಹಾಲು ಕುಡಿಯುವುದನ್ನು ಪಕ್ಕದಲ್ಲಿ ಕೂತು ನೋಡಿ. ನಾವು ಆ ಹೊತ್ತನ್ನು ಕಳೆದುಕೊಂಡು, ಎರಡು ವರ್ಷದ ನಂತರ ಬೇರೆಯೇ ಕಾಯಿಲೆಗೆ ಕತ್ತರಿ ಹುಡುಕುತ್ತೇವೆ.

ನಾಲಿಗೆಯಡಿಯ ಪೊರೆ ಎಲ್ಲರಿಗೂ ಇರುತ್ತದೆ, ಕನ್ನಡಿ ಮುಂದೆ ನಿಂತು ನಾಲಿಗೆ ಎತ್ತಿದರೆ ಕಾಣುತ್ತದೆ. ಅದನ್ನು ನಡುವೆ ಬಿಗಿದ ಒಂದು ದಾರ ಎಂದು ಬಹುಕಾಲ ಭಾವಿಸಲಾಗಿತ್ತು. ಪಠ್ಯಪುಸ್ತಕಗಳೂ ಹಾಗೇ ಬರೆದವು. ನ್ಯೂಜಿಲೆಂಡಿನ ಶಸ್ತ್ರವೈದ್ಯೆ ನಿಕ್ಕಿ ಮಿಲ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಂಗರಚನೆಯ ಅಧ್ಯಯನ ಆ ಚಿತ್ರವನ್ನು ಬದಲಿಸಿತು. ಬಾಯಿಯ ತಳದುದ್ದಕ್ಕೂ ಒಂದು ತೆಳು ಪದರ ಹಾಸಿಕೊಂಡಿದೆ; ಹಾಸಿದ ಬಟ್ಟೆಯನ್ನು ನಡುವೆ ಹಿಡಿದೆತ್ತಿದರೆ ಮಡಿಕೆ ಏಳುವಂತೆ, ನಾಲಿಗೆ ಮೇಲೆದ್ದಾಗ ಆ ಪದರ ಮಡಿಕೆಯಾಗಿ ನಮಗೆ ಕಾಣುತ್ತದೆ. ಮಡಿಕೆ ಎಷ್ಟು ದಪ್ಪ, ನಾಲಿಗೆಯ ತುದಿಗೆ ಎಷ್ಟು ಹತ್ತಿರ, ಕೆಳಗೆ ವಸಡಿಗೆ ಎಷ್ಟು ಹತ್ತಿರ ಎಂಬುದು ಮನುಷ್ಯರಿಂದ ಮನುಷ್ಯರಿಗೆ ಬೇರೆ, ಮೂಗಿನ ಉದ್ದ ಬೇರೆಯಾದಷ್ಟೇ ಸಹಜವಾಗಿ. ಇದರಿಂದ ಎರಡು ವಿಷಯ ಹೊರಡುತ್ತವೆ. ಪೊರೆ ‘ಇದೆ’ ಎಂಬುದು ರೋಗವೇ ಅಲ್ಲ. ಅದು ನಾಲಿಗೆಯ ಚಲನೆಯನ್ನು ತಡೆದರೆ ಮಾತ್ರ ಮಾತಾಡಬೇಕಾದ ವಿಷಯ. ಎರಡನೆಯದಾಗಿ, ಆ ಪದರದ ಕೆಳಗೇ ನಾಲಿಗೆಗೆ ಸ್ಪರ್ಶಜ್ಞಾನ ಕೊಡುವ ನರದ ಕವಲುಗಳು ಹೆಚ್ಚು ಆಳವಿಲ್ಲದೆ ಹರಡಿಕೊಂಡಿವೆ. ಎಳೆಯ ಪೊರೆಯನ್ನು ಬಿಡಿಸುವುದೇ ಬೇರೆ, ಆಳಕ್ಕೆ ಕೊಯ್ಯುವುದೇ ಬೇರೆ.

ಮಗು ಹಾಲು ಕುಡಿಯುವ ಬಗೆಯನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದವರು ಹೇಳುವುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಮಗು ತೊಟ್ಟನ್ನಷ್ಟೇ ಚೀಪುವುದಿಲ್ಲ. ಬಾಯಿ ಅಗಲಿಸಿ ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಒಳಕ್ಕೆಳೆದುಕೊಳ್ಳುತ್ತದೆ, ನಾಲಿಗೆಯನ್ನು ಕೆಳವಸಡಿನ ಮೇಲೆ ಚಾಚಿ ಮೊಲೆಗೆ ಹಾಸುತ್ತದೆ. ಆಮೇಲೆ ನಾಲಿಗೆಯ ನಡುಭಾಗ ಕೆಳಗಿಳಿದಾಗ ಬಾಯೊಳಗೆ ನಿರ್ವಾತ ಉಂಟಾಗಿ ಹಾಲು ಹರಿಯುತ್ತದೆ. ಹಾಗಾಗಿ ತುದಿ ಎಷ್ಟು ಹೊರಗೆ ಬರುತ್ತದೆ ಎಂಬುದಕ್ಕಿಂತ ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಸುಸೂತ್ರವಾಗಿ ಕೆಳಗಿಳಿಯುತ್ತದೆ ಎಂಬುದು ಮುಖ್ಯ. ಬಿಗಿಯಾದ ಪೊರೆಯಿಂದ ನಾಲಿಗೆ ವಸಡು ದಾಟದೆ ಹೋದರೆ ಮೆತ್ತನೆಯ ನಾಲಿಗೆಯ ಬದಲು ಗಟ್ಟಿ ವಸಡೇ ತೊಟ್ಟನ್ನು ಅದುಮುತ್ತದೆ. ತಾಯಿಗೆ ನೋವು ಮೊದಲ ಗುಟುಕಿನೊಂದಿಗೆ ನಿಲ್ಲದೆ ಕೊನೆಯವರೆಗೂ ಇರುತ್ತದೆ; ಮಗು ಬಾಯಿಬಿಟ್ಟಾಗ ತೊಟ್ಟು ಚಪ್ಪಟೆಯಾಗಿ, ಓರೆಯಾಗಿ ಹೊರಬರುತ್ತದೆ. ಹಿಡಿತ ತಪ್ಪಿದಾಗಲೆಲ್ಲ ಲೊಚ್ ಲೊಚ್ ಸದ್ದು, ಕಟಬಾಯಿಯಿಂದ ಸೋರುವ ಹಾಲು, ನಾಲ್ಕು ಗುಟುಕಿಗೇ ಸುಸ್ತಾಗಿ ನಿದ್ದೆ, ಅರ್ಧ ಗಂಟೆಯಲ್ಲಿ ಮತ್ತೆ ಹಸಿವು. ಎದೆ ಪೂರ್ತಿ ಖಾಲಿಯಾಗದೆ ಹಾಲು ಕಟ್ಟಿಕೊಂಡು ಗಡ್ಡೆಯಾಗುವುದು ಅಥವಾ ಹಾಲಿನ ಉತ್ಪತ್ತಿಯೇ ಇಳಿಯುವುದು ಇದರ ಮುಂದಿನ ಹಂತ. ‘ಹಾಲು ಸಾಲುತ್ತಿಲ್ಲ’ ಎಂಬ ಮಾತು ಆಗ ನಿಜವಾಗುತ್ತದೆ, ಆದರೆ ಅದು ಕಾರಣವಲ್ಲ, ಪರಿಣಾಮ.

ಇಷ್ಟು ಹೇಳಿದ ಮೇಲೆ ತಡೆದು ನಿಲ್ಲಬೇಕು. ಮೇಲಿನ ಲಕ್ಷಣಗಳಲ್ಲಿ ಒಂದೂ ನಾಲಿಗೆ ಕಟ್ಟಿಗೇ ಮೀಸಲಲ್ಲ. ಮಗುವನ್ನು ಹಿಡಿದ ಭಂಗಿ ಸರಿಯಿಲ್ಲದಿದ್ದರೂ ತೊಟ್ಟು ಬಿರಿಯುತ್ತದೆ. ಈ ನೋವಿಗೆ ಅತಿ ಸಾಮಾನ್ಯ ಕಾರಣ ಅದೇ. ತಿಂಗಳು ತುಂಬುವ ಎರಡು ಮೂರು ವಾರ ಮೊದಲೇ ಹುಟ್ಟಿದ ಮಗು ನೋಡಲು ದಷ್ಟಪುಷ್ಟವಾಗಿದ್ದರೂ ಚೀಪುವ ಶಕ್ತಿ ಕಡಿಮೆ. ಕಾಮಾಲೆ ಏರಿದ ಮಗು ಮಂಕಾಗಿ ನಿದ್ದೆ ಹೋಗುತ್ತದೆ. ಸಿಸೇರಿಯನ್ ಆದ ತಾಯಿಗೆ ಹಾಲಿಳಿಯುವುದು ತಡವಾಗಬಹುದು. ಬಾಯಲ್ಲಿ ಬಿಳಿ ಅಗ್ರ ಕಟ್ಟಿದ್ದರೆ, ಅಂಗಳದ ಹಿಂಭಾಗ ಮೇಲ್ನೋಟಕ್ಕೆ ಕಾಣದಂತೆ ಸೀಳಿದ್ದರೆ, ಹೃದಯದ ತೊಂದರೆಯಿಂದ ಮಗು ಬೆವರಿ ದಣಿಯುತ್ತಿದ್ದರೆ, ಆಗಲೂ ಹಾಲು ಕುಡಿಯುವುದು ಕಷ್ಟವೇ. ನಾಲಿಗೆಯಡಿ ಪೊರೆ ಕಂಡೊಡನೆ ಉಳಿದೆಲ್ಲ ಹುಡುಕಾಟ ನಿಲ್ಲಿಸಿಬಿಟ್ಟರೆ ಪೊರೆ ಕತ್ತರಿಸಿದ ತೃಪ್ತಿಯಲ್ಲಿ ಹೃದಯದ ರೋಗ ತಿಂಗಳುಗಟ್ಟಲೆ ಅಡಗಿ ಕೂರಬಹುದು. ಅದಕ್ಕೇ ಬ್ರಿಸ್ಟಲ್‌ನ ಸೂಲಗಿತ್ತಿಯರು ಮತ್ತು ಸಂಶೋಧಕರು 2015ರಲ್ಲಿ ರೂಪಿಸಿದ ಅಳತೆಗೋಲು ನನಗೆ ಇಷ್ಟ. ನಾಲ್ಕೇ ಅಂಶ: ನಾಲಿಗೆಯ ತುದಿಯ ಆಕಾರ, ಪೊರೆ ಕೆಳವಸಡಿಗೆ ಎಲ್ಲಿ ಅಂಟಿದೆ, ಬಾಯಿ ತೆರೆದು ಅಳುವಾಗ ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಮುಂದೆ ಚಾಚುತ್ತದೆ. ಒಂದೊಂದಕ್ಕೆ 0ರಿಂದ 2 ಅಂಕ, ಒಟ್ಟು 8. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಚಲನೆಗೆ ತೀವ್ರ ಅಡ್ಡಿ ಇದೆ ಎಂದರ್ಥ. ಸ್ಟಾಫ್ ನರ್ಸ್ ಒಬ್ಬರು ಎರಡು ನಿಮಿಷದಲ್ಲಿ ಮಾಡಬಹುದಾದ ಕೆಲಸ. ಆದರೆ ಈ ಅಂಕವೂ ಅರ್ಧ ಮಾತ್ರ. ಇನ್ನರ್ಧ ಮಗುವನ್ನು ಎದೆಗೆ ಹಾಕಿಸಿ ನೋಡಿದ ಮೇಲೇ ಸಿಗುವುದು.

ಹಾಗಾದರೆ ಕತ್ತರಿಸಿದರೆ ಉಪಯೋಗವಿದೆಯೇ? ಪುರಾವೆಗಳು ನಾವು ಬಯಸುವಷ್ಟು ಗಟ್ಟಿಯಾಗಿಲ್ಲ. 2017ರ ಕಾಕ್ರೇನ್ ಪರಾಮರ್ಶೆ ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಸೋಸಿದಾಗ ಯೋಗ್ಯವಾಗಿ ಉಳಿದದ್ದು ಐದು, ಅವುಗಳಲ್ಲಿದ್ದ ಮಕ್ಕಳು ಒಟ್ಟು 302. ಪೊರೆ ಬಿಡಿಸಿದ ಕೆಲವೇ ದಿನಗಳಲ್ಲಿ ತಾಯಿಯ ತೊಟ್ಟುನೋವು ಕಡಿಮೆಯಾಗುತ್ತದೆ ಎಂಬುದು ಸ್ಪಷ್ಟವಾಯಿತು. ಮಗು ಹಾಲು ಕುಡಿಯುವುದು ಸುಧಾರಿಸಿತೇ ಎಂಬುದಕ್ಕೆ ಒಂದೇ ಬಗೆಯ ಉತ್ತರ ಬರಲಿಲ್ಲ. ಇದನ್ನು ಬಗೆಹರಿಸಲೆಂದೇ ಬ್ರಿಟನ್ನಿನಲ್ಲಿ 870 ಶಿಶುಗಳ ದೊಡ್ಡ ಪ್ರಯೋಗವೊಂದನ್ನು ಯೋಜಿಸಿದರು. ಸೇರಿದ್ದು 169 ಮಾತ್ರ, ಅರ್ಧದಲ್ಲೇ ನಿಲ್ಲಿಸಬೇಕಾಯಿತು, 2023ರಲ್ಲಿ ಸಿಕ್ಕಷ್ಟು ಫಲಿತಾಂಶ ಹೊರಬಂತು. ಮೂರು ತಿಂಗಳಲ್ಲಿ ಎದೆಹಾಲು ಕುಡಿಯುತ್ತಿದ್ದವರು ಕತ್ತರಿಸಿದ ಗುಂಪಿನಲ್ಲಿ ಶೇ 88, ಬರೀ ಹಾಲೂಡಿಸುವ ನೆರವು ಪಡೆದ ಗುಂಪಿನಲ್ಲಿ ಶೇ 86. ವ್ಯತ್ಯಾಸವೇ ಇಲ್ಲವಲ್ಲ ಎನ್ನುವ ಮುಂಚೆ ಇನ್ನೊಂದು ಅಂಕಿ ನೋಡಬೇಕು: ‘ಕತ್ತರಿಸಬೇಡಿ’ ಎಂದು ನಿಗದಿಯಾದ ಗುಂಪಿನಲ್ಲೂ ಶೇ 73ರಷ್ಟು ತಾಯಂದಿರು ಕಾಯಲಾರದೆ ಮಗುವಿನ ಪೊರೆ ಬಿಡಿಸಿಕೊಂಡಿದ್ದರು. ಕತ್ತರಿ ನಿರುಪಯೋಗಿ ಎಂದು ಇದು ಸಾಬೀತು ಮಾಡುವುದಿಲ್ಲ. ನೋವುಣ್ಣುತ್ತಿರುವ ತಾಯಿಗೆ ವೈಜ್ಞಾನಿಕ ಪ್ರಯೋಗದ ಶಿಸ್ತಿಗಾಗಿ ಮೂರು ತಿಂಗಳು ತಾಳಿಕೋ ಎನ್ನುವುದು ಆಗದ ಮಾತು ಎಂಬುದನ್ನಷ್ಟೇ ತೋರಿಸುತ್ತದೆ.

ತಾಯಿಯ ನೋವು ಕಡಿಮೆಯಾಗುತ್ತದೆ ‘ಅಷ್ಟೇ’ ಎಂಬ ಧಾಟಿಯನ್ನು ನಾನು ಒಪ್ಪಲಾರೆ. ಎದೆಹಾಲು ನಿಲ್ಲಿಸಲು ತಾಯಂದಿರು ಕೊಡುವ ಕಾರಣಗಳಲ್ಲಿ ನೋವು ದೊಡ್ಡದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ದೇಶದಲ್ಲಿ ಶೇ 63.7. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಅಂದರೆ ಹೆರಿಗೆಯ ಹೊತ್ತಿಗೆ ತರಬೇತಾದ ಕೈಯೊಂದು ತಾಯಿಯ ಪಕ್ಕದಲ್ಲೇ ಇರುತ್ತದೆ, ಆದರೂ ಮೂರರಲ್ಲಿ ಒಂದು ಮಗುವಿಗೆ ಬೇರೇನೋ ಸೇರುತ್ತದೆ. ನೀರಿನ ಟ್ಯಾಂಕರ್ ದಾರಿ ಕಾಯುವ ಬೀದಿಗಳಲ್ಲಿ ಬಾಟಲಿ ತೊಳೆದು, ಕುದಿಸಿ, ಪುಡಿ ಬೆರೆಸಿ ಕುಡಿಸುವ ಹಾಲಿಗೂ ಎದೆಹಾಲಿಗೂ ಇರುವ ಅಂತರ ಭೇದಿಯ ಲೆಕ್ಕದಲ್ಲಿ ಗೊತ್ತಾಗುತ್ತದೆ. ದಿನಗೂಲಿಯ ಮನೆಗೆ ಡಬ್ಬದ ಬೆಲೆಯೂ ಸಣ್ಣದಲ್ಲ. ಶಿಶು ಆಹಾರ ಕಂಪನಿಗಳ ಜಾಹೀರಾತನ್ನು ತಡೆಯಲು ನಮ್ಮಲ್ಲಿ 1992ರಿಂದ ಕಾಯ್ದೆಯಿದೆ. ಆದರೆ ತೊಟ್ಟು ಸೀಳಿ ರಕ್ತ ಒಸರುವ ತಾಯಿಯನ್ನು ಡಬ್ಬದ ಕಡೆ ತಳ್ಳಲು ಜಾಹೀರಾತೇ ಬೇಕಿಲ್ಲ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ನಿಮಿಷದ ಕೆಲಸ, ನಾಲ್ಕು ಹನಿ ರಕ್ತ. ಹಾಗಿದ್ದರೆ ಪೊರೆ ಕಂಡ ಮಕ್ಕಳಿಗೆಲ್ಲ ಹುಟ್ಟಿದ ವಾರ್ಡಿನಲ್ಲೇ ಕತ್ತರಿಸಿಬಿಟ್ಟರೇನು? ಅಮೆರಿಕ ಹೆಚ್ಚುಕಡಿಮೆ ಈ ದಾರಿ ಹಿಡಿದು ನೋಡಿದೆ. ಅಲ್ಲಿ ಬಾಟಲಿ ಯುಗದಲ್ಲಿ ಈ ಪೊರೆಯನ್ನು ವೈದ್ಯರು ಮರೆತೇಬಿಟ್ಟಿದ್ದರು, ಬಾಟಲಿಯ ಹಾಲು ಕುಡಿಯಲು ನಾಲಿಗೆಗೆ ಅಷ್ಟು ಕಸರತ್ತು ಬೇಕಿಲ್ಲವಲ್ಲ. ಎದೆಹಾಲಿಗೆ ಮತ್ತೆ ಮರ್ಯಾದೆ ಬಂದಾಗ ಪೊರೆಯೂ ನೆನಪಾಯಿತು. 1997ರಲ್ಲಿ ಆಸ್ಪತ್ರೆಯಲ್ಲಿದ್ದ ಶಿಶುಗಳಲ್ಲಿ ನಾಲಿಗೆ ಕಟ್ಟು ಎಂದು ದಾಖಲಾದವರು ಸುಮಾರು 4 ಸಾವಿರ. 2012ರಲ್ಲಿ ಸುಮಾರು 33 ಸಾವಿರ. ಹದಿನೈದು ವರ್ಷದಲ್ಲಿ ಮಕ್ಕಳ ಬಾಯಿ ಎಂಟು ಪಟ್ಟು ಕೆಡುವುದಿಲ್ಲ, ನೋಡುವ ಕಣ್ಣು ಬದಲಾಗಿತ್ತು. ಅದರ ಹಿಂದೆಯೇ ಲೇಸರ್ ಯಂತ್ರ ಕೊಂಡ ದಂತ ಚಿಕಿತ್ಸಾಲಯಗಳೂ ಬಂದವು. ಆಸ್ಟ್ರೇಲಿಯಾದಲ್ಲೂ 2006ರಿಂದ 2016ರ ನಡುವೆ ಕತ್ತರಿಸುವ ಪ್ರಮಾಣ ಐದು ಪಟ್ಟಾಯಿತು. ಕೊನೆಗೆ 2024ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಲಗಾಮು ಹಾಕಬೇಕಾಯಿತು: ನಾಲಿಗೆ ಕಟ್ಟಿನ ಲಕ್ಷಣವಿರುವ ಶಿಶುಗಳಲ್ಲಿ ಹಾಲು ಕುಡಿಯಲು ನಿಜಕ್ಕೂ ತೊಂದರೆಪಡುವವರು ಅರ್ಧಕ್ಕಿಂತ ಕಡಿಮೆ, ಮೊದಲು ಹಾಲೂಡಿಸುವ ನೆರವು ಕೊಡಿ, ಆಮೇಲೂ ಸರಿಹೋಗದಿದ್ದರೆ ಕತ್ತರಿ. ಎಳೆಯ ಶಿಶುಗಳಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಈ ಪೊರೆ ಬಿಗಿಯಾಗಿರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳ ಒಟ್ಟು ಅಂದಾಜು. ಗಂಡುಮಕ್ಕಳಲ್ಲಿ ತುಸು ಹೆಚ್ಚು, ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ಬರುವುದೂ ಉಂಟು. ಈ ಶೇ 8ನ್ನೂ ಆ ‘ಅರ್ಧಕ್ಕಿಂತ ಕಡಿಮೆ’ಯನ್ನೂ ಜೋಡಿಸಿದರೆ ನೂರು ಹೆರಿಗೆಗೆ ಮೂರು ನಾಲ್ಕು ಮಕ್ಕಳಿಗಷ್ಟೇ ಈ ಇಡೀ ಚರ್ಚೆ ಅನ್ವಯವಾಗುವುದು.

ಕಾದು ನೋಡಿದರೆ ಎದೆಹಾಲೇ ತಪ್ಪಿಹೋದೀತಲ್ಲ ಎಂಬ ಆತಂಕಕ್ಕೆ ನ್ಯೂಜಿಲೆಂಡಿನ ಕ್ಯಾಂಟರ್ಬರಿ ಪ್ರಾಂತ್ಯ ಉತ್ತರ ಕೊಟ್ಟಿದೆ. ಅಲ್ಲಿ 2015ರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಶಿಶುಗಳ ಪೊರೆ ಕತ್ತರಿಸಲಾಗುತ್ತಿತ್ತು. ಎಲ್ಲರೂ ಒಂದೇ ಅಳತೆಗೋಲು ಬಳಸಬೇಕು, ಮೊದಲು ಹಾಲೂಡಿಸುವುದನ್ನು ನೋಡಬೇಕು ಎಂಬ ಕಟ್ಟಳೆ ತಂದ ಮೇಲೆ 2017ರ ಮಧ್ಯದ ಹೊತ್ತಿಗೆ ಅದು ಶೇ 3.5ಕ್ಕೆ ಇಳಿಯಿತು; ಎದೆಹಾಲು ಕುಡಿಯುವ ಮಕ್ಕಳ ಪ್ರಮಾಣ ಇಳಿಯಲಿಲ್ಲ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಕತ್ತರಿಸಿ ಎಂದೇ ಕಳಿಸಿದ್ದ 115 ಶಿಶುಗಳನ್ನು ಕೂರಿಸಿ ಹಾಲು ಕುಡಿಸಿ ನೋಡಿದಾಗ ಶೇ 63ರಷ್ಟು ಮಂದಿಗೆ ಕತ್ತರಿ ಬೇಕಾಗಲೇ ಇಲ್ಲ ಎಂಬ 2019ರ ವರದಿಯೂ ಇದೇ ಮಾತನ್ನು ಹೇಳುತ್ತದೆ. ನಮ್ಮಲ್ಲಿ ಅಮೆರಿಕದಂಥ ಅತಿರೇಕ ಇನ್ನೂ ಬಂದಿಲ್ಲ. ಆದರೆ ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ತಂದೆಯ ಫೋನಿಗೆ ಲೇಸರ್ ಚಿಕಿತ್ಸೆಯ ಜಾಹೀರಾತು ಬರಲು ರೈಲು ಬೇಡ. ‘ಹಿಂಬದಿಯ ನಾಲಿಗೆ ಕಟ್ಟು’, ‘ತುಟಿ ಕಟ್ಟು’ ಎಂದೆಲ್ಲ ಹೊಸ ಹೆಸರುಗಳು ಈಗಾಗಲೇ ತೇಲಿ ಬರುತ್ತಿವೆ. ಮೇಲ್ತುಟಿಯ ಒಳಗಿನ ಪೊರೆ ಹಾಲು ಕುಡಿಯಲು ಅಡ್ಡಿ ಎನ್ನಲು ಪುರಾವೆಯಿಲ್ಲ, ಹಿಂಬದಿಯ ಕಟ್ಟು ಎಂದರೇನು ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ.

ನೆರವು ಕೊಟ್ಟೂ ನೋವು ನಿಲ್ಲದ, ತೂಕ ಏರದ, ಪೊರೆ ಸ್ಪಷ್ಟವಾಗಿ ಬಿಗಿಯಾಗಿರುವ ಮಗುವಿಗೆ ಮಾತ್ರ ಹಿಂಜರಿಯಬಾರದು. ಮೊದಲ ಕೆಲವು ವಾರಗಳಲ್ಲಿ ಇದಕ್ಕೆ ಅರಿವಳಿಕೆ ಕೊಟ್ಟು ಮಲಗಿಸುವ ಅಗತ್ಯವಿಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬರು ತಲೆ ಹಿಡಿಯುತ್ತಾರೆ, ವೈದ್ಯರು ನಾಲಿಗೆ ಎತ್ತಿ ತುದಿ ಮೊಂಡಾದ ಕತ್ತರಿಯಿಂದ ತೆಳು ಪೊರೆಯನ್ನಷ್ಟೇ ಬಿಡಿಸುತ್ತಾರೆ, ಗಾಜ್ ಬಟ್ಟೆ ಒತ್ತಿ ಹಿಡಿಯುತ್ತಾರೆ, ತಕ್ಷಣ ಎದೆಗೆ ಕೊಡುತ್ತಾರೆ. ಎದೆಹಾಲೇ ಸಮಾಧಾನ, ಅದೇ ಔಷಧಿ. ನಾಲಿಗೆಯಡಿಯಲ್ಲಿ ಒಂದೆರಡು ದಿನಕ್ಕೆ ಬಿಳಿಯ ಕಲೆ ಕಂಡರೆ ಕೀವು ಎಂದು ಹೆದರಬೇಕಿಲ್ಲ, ಅದು ಗಾಯ ಮಾಯುವ ಬಗೆ. ಕತ್ತರಿ ಹಿಡಿಯುವ ಮೊದಲು ಕೇಳಲೇಬೇಕಾದ ಪ್ರಶ್ನೆ ಎರಡು: ಹುಟ್ಟಿದಾಗ ಕೊಡುವ ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ, ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಯಾರಿಗಾದರೂ ಇದೆಯೇ. ರಕ್ತಸ್ರಾವ, ಸೋಂಕು, ಜೊಲ್ಲಿನ ನಾಳಕ್ಕೆ ಪೆಟ್ಟು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಲೇಸರ್ ಇದಕ್ಕಿಂತ ಮೇಲು ಎಂಬುದಕ್ಕೆ ಆಧಾರ ಸಿಕ್ಕಿಲ್ಲ, ಬಿಲ್ ಮಾತ್ರ ಮೇಲೆ. ಗಾಯ ಮತ್ತೆ ಅಂಟದಿರಲೆಂದು ದಿನಕ್ಕೆ ಹಲವು ಸಲ ಮಗುವಿನ ಬಾಯಿಗೆ ಬೆರಳಿಟ್ಟು ಎಳೆದು ತಿಕ್ಕುವ ‘ವ್ಯಾಯಾಮ’ವನ್ನೂ ಅಮೆರಿಕದ ಅಕಾಡೆಮಿ ಬೇಡವೆಂದಿದೆ. ಬಾಯಿಗೆ ಏನು ಬಂದರೂ ನೋವು ಎಂದು ಕಲಿತ ಮಗು ಎದೆಯನ್ನೂ ದೂರ ತಳ್ಳಬಹುದು.

ಇದೆಲ್ಲ ಸರಿ, ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಸರ್ಕಾರಿ ಆಸ್ಪತ್ರೆಯ ವೈದ್ಯರು ಒಂದು ಮಗು ಹಾಲು ಕುಡಿಯುವುದನ್ನು ಇಪ್ಪತ್ತು ನಿಮಿಷ ನೋಡುತ್ತ ಕೂರಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಆಕ್ಷೇಪ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಜಿಎಫ್‌ಗೆ ಕಂಪನಿಯದೇ ಆಸ್ಪತ್ರೆಯಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಆಸರೆಯೂ ಹೋಯಿತು. ಈಗ ಆಂಡರ್ಸನ್‌ಪೇಟೆಯವರಿಗೆ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆ, ಬಂಗಾರಪೇಟೆಯವರಿಗೆ ತಾಲ್ಲೂಕು ಆಸ್ಪತ್ರೆ, ಅಲ್ಲಿ ಬಗೆಹರಿಯದ್ದಕ್ಕೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಅಥವಾ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಅದಕ್ಕೂ ಮೀರಿದರೆ ಬೆಂಗಳೂರಿನ ವಾಣಿ ವಿಲಾಸ ಅಥವಾ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಬಾಣಂತಿಯನ್ನೂ ಹಸುಗೂಸನ್ನೂ ಹೊತ್ತು ಒಂದೊಂದು ಮೆಟ್ಟಿಲು ಹತ್ತುವಾಗಲೂ ಮನೆಯವರೊಬ್ಬರ ಒಂದು ದಿನದ ಕೂಲಿ ಖೋತಾ. ಆದರೆ ನೋಡುವ ಕೆಲಸಕ್ಕೆ ವೈದ್ಯರೇ ಬೇಕಿಲ್ಲ, ಮತ್ತು ಅದಕ್ಕೆ ಬೇಕಾದ ವ್ಯವಸ್ಥೆಯನ್ನು ನಾವು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. 2011ರಿಂದ ಜಾರಿಯಲ್ಲಿರುವ ಮನೆ ಆಧಾರಿತ ನವಜಾತ ಶಿಶು ಆರೈಕೆಯಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಹೋಗಬೇಕು: 3, 7, 14, 21, 28 ಮತ್ತು 42ನೆಯ ದಿನ. ಆಕೆಯ ಚೀಲದಲ್ಲಿ ತೂಕದ ತಕ್ಕಡಿಯಿದೆ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಶೇ 10ಕ್ಕಿಂತ ಹೆಚ್ಚು ಇಳಿದರೆ ಎಚ್ಚರಿಕೆ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಹಾಗಾಗಿ ಏಳನೆಯ ಮತ್ತು ಹದಿನಾಲ್ಕನೆಯ ದಿನದ ಭೇಟಿಯೇ ಈ ವಿಷಯದ ಹೃದಯ. ‘ಹಾಲು ಕುಡೀತಿದೆಯಾ?’ ಎಂದು ಬಾಗಿಲಲ್ಲಿ ಕೇಳಿದರೆ ಅತ್ತೆಯೋ ಅಮ್ಮನೋ ‘ಕುಡೀತಿದೆ’ ಎನ್ನುತ್ತಾರೆ, ಪುಸ್ತಕದಲ್ಲಿ ಟಿಕ್ ಬೀಳುತ್ತದೆ. ಒಳಗೆ ಕೂತು ಒಂದು ಸಲ ಕುಡಿಸಿ ನೋಡಿದರೆ ಬೇರೆ ಕಥೆ ಸಿಗಬಹುದು.

ಹಾಗೆ ನೋಡಲು ಬಿಡುವು ಬೇಕು, ಬಾಣಂತನದ ಕತ್ತಲ ಕೋಣೆಯೊಳಕ್ಕೆ ಮನೆಯವರು ಬಿಡಬೇಕು, ಆಶಾಗಳಿಗೆ ನಾಲ್ಕು ಚಿತ್ರಗಳ ಒಂದು ಕಾರ್ಡೂ ಅರ್ಧ ದಿನದ ತರಬೇತಿಯೂ ಬೇಕು. ಎಷ್ಟೋ ನೋಂದಣಿ ಪುಸ್ತಕಗಳನ್ನು ಹೊರುವ ಅವರ ಹೆಗಲ ಮೇಲೆ ಇನ್ನೊಂದನ್ನು ಇಡುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ಆದರೆ ತೂಕ ಏರದ ಮಗುವನ್ನು ಆಮೇಲೆ ಆಸ್ಪತ್ರೆಗೆ ಸೇರಿಸಿ ಓಡಾಡುವ ಹೊರೆ ಇದಕ್ಕಿಂತ ದೊಡ್ಡದು. ಹಣದ ಅಡ್ಡಿಯೂ ಕಾಗದದ ಮೇಲಾದರೂ ಇಲ್ಲ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಶಿಶುವಿನ ಚಿಕಿತ್ಸೆಯೂ ಓಡಾಟವೂ ಉಚಿತ. ನನಗೆ ವಿಚಿತ್ರವಾಗಿ ಕಾಣುವುದು ಇನ್ನೊಂದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳ ಪಟ್ಟಿ ಕೊಟ್ಟಿದೆ; ಸೀಳುತುಟಿ, ಸೀಳು ಅಂಗಳ, ಹುಟ್ಟು ಕಿವುಡು ಎಲ್ಲ ಅದರಲ್ಲಿವೆ, ನಾಲಿಗೆ ಕಟ್ಟು ಇಲ್ಲ. ಇಲ್ಲದಿರುವುದೇ ಒಂದು ರೀತಿಯಲ್ಲಿ ಒಳ್ಳೆಯದು, ಇದ್ದಿದ್ದರೆ ಪೊರೆ ಕಂಡ ಮಕ್ಕಳನ್ನೆಲ್ಲ ‘ದೋಷ’ ಎಂದು ಬರೆದು ಕಳಿಸುತ್ತಿದ್ದರು. ಇದರ ಜಾಗ ಹಾಲೂಡಿಸುವ ಪರೀಕ್ಷೆಯ ಒಳಗೆ. ಪರೀಕ್ಷೆ, ಚಿಕಿತ್ಸೆ ಆಗುವವರೆಗೆ ಮಗು ಹಸಿಯಬಾರದಲ್ಲ. ತಾಯಿ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ತಮಿಳರು ಪಾಲಾಡೈ ಎನ್ನುವ, ನವಜಾತ ಶಿಶು ಘಟಕಗಳೂ ಎತ್ತಿಕೊಂಡಿರುವ ಆ ಪುಟ್ಟ ಪಾತ್ರೆಗೆ ಬಾಟಲಿಯ ಚಟ ಹಿಡಿಸುವ ಗುಣವಿಲ್ಲ, ತೊಳೆಯುವುದೂ ಸುಲಭ.

ಈಗ ಮಾತಿನ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಕಡೆ ಹೆಚ್ಚಿನ ಕತ್ತರಿಗಳು ಹುಟ್ಟುವುದು ಅಲ್ಲಿಂದಲೇ. ಎರಡು ವರ್ಷದ ಮಗು ‘ಅಮ್ಮ’ ಎನ್ನುತ್ತಿಲ್ಲ, ನಾಲಿಗೆ ಅಂಟಿದೆ ಎನ್ನುವವರು ಒಮ್ಮೆ ತಮ್ಮ ಬಾಯಲ್ಲೇ ಅಮ್ಮ ಎಂದು ಹೇಳಿ ನೋಡಲಿ. ಎರಡು ತುಟಿ ಕೂಡಿ ಬಿಟ್ಟರೆ ಸಾಕು, ನಾಲಿಗೆ ಕೆಳಗೆ ಸುಮ್ಮನೆ ಮಲಗಿರುತ್ತದೆ. ಅಪ್ಪ, ಮಾಮ, ಬಾ, ಪಾಪು, ಬೂವ. ಕನ್ನಡದ ಮಗು ಮೊದಲು ಕಲಿಯುವ ಮಾತುಗಳಲ್ಲಿ ಬಹುಪಾಲು ತುಟಿಯವೇ. ಕಾಕ ಎನ್ನಲು ನಾಲಿಗೆಯ ಹಿಂಭಾಗ ಸಾಕು. ತುದಿ ಬೇಕಾಗುವುದು ತ, ದ, ನ, ಲ, ರಗಳಿಗೆ. ಮೇಲಕ್ಕೆ ಮಡಿಚಿ ಅಂಗಳ ಮುಟ್ಟಬೇಕಾದ್ದು ಟ, ಡ, ಣ, ಳಗಳಿಗೆ. ನಾಲಿಗೆ ಕಟ್ಟು ನಿಜವಾಗಿಯೂ ಮಾತಿಗೆ ತೊಡಕಾದರೆ ಮಗು ಧಾರಾಳವಾಗಿ ಮಾತಾಡುತ್ತ ಕೆಲವು ಅಕ್ಷರಗಳನ್ನು ಮಾತ್ರ ತೊದಲಬೇಕು. ಮಾತೇ ಬಾರದಿರುವುದು, ಕರೆದರೆ ತಿರುಗದಿರುವುದು, ಬೆರಳು ತೋರಿಸದಿರುವುದು ಬೇರೆಯೇ ಸಂಗತಿ, ಅದಕ್ಕೂ ಪೊರೆಗೂ ಸಂಬಂಧವಿಲ್ಲ. ನಾಲಿಗೆ ಕಟ್ಟು ಮಾತನ್ನು ತಡ ಮಾಡುತ್ತದೆ ಎಂಬುದಕ್ಕಾಗಲಿ, ಶಿಶುವಾಗಿದ್ದಾಗಲೇ ಕತ್ತರಿಸಿದರೆ ಮುಂದೆ ಮಾತು ಸ್ಪಷ್ಟವಾಗುತ್ತದೆ ಎಂಬುದಕ್ಕಾಗಲಿ ನಂಬುವಂಥ ಪುರಾವೆ ಸಿಕ್ಕಿಲ್ಲ.

ಮಾತು ತಡವಾದ ಮಗುವಿನಲ್ಲಿ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದ್ದು ಕಿವಿ. ಆರರಿಂದ ಒಂಬತ್ತು ತಿಂಗಳ ನಡುವೆ ಬಬಬ, ಮಮಮ ಎಂದು ಗುನುಗಬೇಕು, ವರ್ಷದ ಹೊತ್ತಿಗೆ ಒಂದೆರಡು ಪದ, ಎರಡು ವರ್ಷಕ್ಕೆ ಎರಡು ಪದ ಕೂಡಿಸಬೇಕು. ಇಲ್ಲದಿದ್ದರೆ ಶ್ರವಣ ಪರೀಕ್ಷೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇನ್ನೂ ಇರುವ ನಮ್ಮ ಕಡೆ ವಂಶದಿಂದ ಬರುವ ಕಿವುಡಿನ ಸಾಧ್ಯತೆ ಹೆಚ್ಚು ಎಂಬುದನ್ನು ನಯವಾಗಿಯಾದರೂ ಹೇಳಲೇಬೇಕು. ಕಿವಿ ಕೇಳದ ಮಗುವಿಗೆ ಮೊದಲ ಎರಡು ಮೂರು ವರ್ಷ ಎಂದರೆ ಮಿದುಳು ಭಾಷೆ ಕಟ್ಟಿಕೊಳ್ಳುವ ಕಾಲ. ಆ ಕಾಲದಲ್ಲಿ ‘ನಾಲಿಗೆ ಕತ್ತರಿಸಿದ್ದೇವೆ, ಇನ್ನು ಬರುತ್ತದೆ’ ಎಂದು ಆರು ತಿಂಗಳು ಕಾಯುವುದು ಪೊರೆಯ ಗಾಯಕ್ಕಿಂತ ಎಷ್ಟೋ ಪಟ್ಟು ದೊಡ್ಡ ಹಾನಿ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಷ್ಟು ದೂರ ಹೋಗುವ ಮುಂಚೆ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದ ಬಾಗಿಲು ತಟ್ಟಿ ಶ್ರವಣ ಪರೀಕ್ಷೆ ಕೇಳಬಹುದು. ಹುಟ್ಟು ಕಿವುಡೂ ಮಾತಿನ ವಿಳಂಬವೂ ಬಾಲ ಸ್ವಾಸ್ಥ್ಯದ ಪಟ್ಟಿಯಲ್ಲಿರುವುದರಿಂದ ಅಂಗನವಾಡಿಗೆ ಬರುವ ತಂಡವೂ ದಾರಿ ತೋರಿಸಬೇಕು.

ಆಂಡರ್ಸನ್‌ಪೇಟೆಯಂಥ ಊರಿನಲ್ಲಿ ಇನ್ನೊಂದು ಆರೋಪಿಯೂ ಇದೆ: ಭಾಷೆ. ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ. ಮಗು ತಬ್ಬಿಬ್ಬಾಗಿ ಮಾತೇ ಬಿಟ್ಟಿದೆ ಎನ್ನುತ್ತಾರೆ. ಎರಡು ಮೂರು ಭಾಷೆ ಕೇಳುತ್ತ ಬೆಳೆದ ಮಕ್ಕಳಲ್ಲಿ ಮಾತು ರೋಗವೆನ್ನುವಷ್ಟು ತಡವಾಗುವುದಿಲ್ಲ, ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಬಜೆಯ ವಿಷಯದಲ್ಲೂ ಒಂದು ಮಾತು. ಅದರ ಬೇರಿನಲ್ಲಿರುವ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ನಿಷೇಧಿಸಿತು. ಅಜ್ಜಿಯ ಪ್ರೀತಿಯನ್ನು ಯಾರೂ ಪ್ರಶ್ನಿಸುತ್ತಿಲ್ಲ, ಆದರೆ ಆರು ತಿಂಗಳೊಳಗಿನ ಮಗುವಿನ ಬಾಯಿಗೆ ಬಜೆಯಾಗಲಿ ಜೇನುತುಪ್ಪವಾಗಲಿ ಬೇಡ. ಜೇನಂತೂ ವರ್ಷ ತುಂಬುವವರೆಗೂ ಬೇಡ.

ಹಾಗಂತ ದೊಡ್ಡ ಮಕ್ಕಳಿಗೆ ಈ ಶಸ್ತ್ರಕ್ರಿಯೆ ಎಂದೂ ಬೇಡ ಎಂದಲ್ಲ. ನಾಲ್ಕೈದು ವರ್ಷದ ಮಗು ಚೆನ್ನಾಗಿ ಕೇಳುತ್ತದೆ, ವಾಕ್ಯ ಕಟ್ಟಿ ಮಾತಾಡುತ್ತದೆ, ಆದರೆ ಟ, ಳ, ರ ಹೊರಳುತ್ತಿಲ್ಲ, ವಾಕ್ ಚಿಕಿತ್ಸಕರು ಕೆಲವು ತಿಂಗಳು ಅಭ್ಯಾಸ ಮಾಡಿಸಿದರೂ ನಾಲಿಗೆಯ ತುದಿ ಮೇಲೇಳುತ್ತಿಲ್ಲ ಎಂದಾದರೆ ಆಗ ಪೊರೆ ಬಿಡಿಸುವುದಕ್ಕೆ ಅರ್ಥವಿದೆ. ತುಟಿ ಸವರಲಾಗದ, ಹಲ್ಲಿಗೆ ಅಂಟಿದ ಅನ್ನವನ್ನು ನಾಲಿಗೆಯಿಂದ ತೆಗೆಯಲಾಗದ ಮಕ್ಕಳೂ ಈ ಲೆಕ್ಕಕ್ಕೆ ಬರುತ್ತಾರೆ. ಆ ವಯಸ್ಸಿನಲ್ಲಿ ಅದು ವಾರ್ಡಿನ ಮಂಚದ ಮೇಲಿನ ನಿಮಿಷದ ಕೆಲಸವಾಗಿ ಉಳಿದಿರುವುದಿಲ್ಲ: ಅರಿವಳಿಕೆ ಬೇಕು, ಪೊರೆ ದಪ್ಪವಾಗಿದ್ದರೆ ಹೊಲಿಗೆ ಬೇಕು, ಆಮೇಲೂ ಅಭ್ಯಾಸ ಮುಂದುವರಿಯಬೇಕು. ಕತ್ತರಿ ನಾಲಿಗೆಗೆ ಜಾಗ ಕೊಡುತ್ತದೆ, ಅಕ್ಷರವನ್ನು ಕಲಿಸುವುದಿಲ್ಲ. ಈ ಮಕ್ಕಳ ವಿಷಯದಲ್ಲಿ ಅವಸರವೂ ಇಲ್ಲ, ಏಕೆಂದರೆ ಹಸಿವಿನ ಪ್ರಶ್ನೆ ಇಲ್ಲಿಲ್ಲ. ತನಗೆ ಅದು ತೊಂದರೆ ಕೊಡುತ್ತಿದೆಯೇ ಎಂದು ಮಗುವೇ ಹೇಳಬಲ್ಲಷ್ಟು ದೊಡ್ಡದಾಗುವವರೆಗೆ ಕಾಯಬಹುದು.